ಅರ್ಧ ಸುತ್ತು

ಪೆಟ್ರೋಲ್ ತರಲು ಹೋಗಿ ಬರುವಷ್ಟರಲ್ಲಿ ಚಂದ್ರಹಾಸನ ಸ್ಪ್ಯಾನರುಗಳೆಲ್ಲ ದೇವರಾಗಿಬಿಟ್ಟಿದ್ದವು.

ಅವನು ಹೋಗಿದ್ದು ಮುಕ್ಕಾಲು ಗಂಟೆ, ಅಷ್ಟೇ. ಐದು ಲೀಟರಿನ ಡಬ್ಬ ಹಿಡಿದು ಹಿಮಾಯತ್‌ನಗರದ ಬಂಕಿನಲ್ಲಿ ಸರದಿ ನಿಂತು, ತುಳುಕಿಸದಂತೆ ಮನೆಗೆ ತಂದು, ಅಂಗಳದ ಬೇವಿನ ಮರದ ಕೆಳಗೆ ನೋಡಿದರೆ ಟೂಲ್‌ಬಾಕ್ಸ್ ಇಲ್ಲ. ಒಳಗೆ ಓಡಿದ. ದೇವರ ಕೋಣೆಯಲ್ಲಿ ಬಾಳೆಲೆಯ ಮೇಲೆ ಎಂಟನೇ ನಂಬರಿನಿಂದ ಇಪ್ಪತ್ತೆರಡನೇ ನಂಬರಿನವರೆಗೆ ಸ್ಪ್ಯಾನರುಗಳು ಸಾಲಾಗಿ ಮಲಗಿದ್ದವು. ಒಂದೊಂದರ ಹಣೆಗೂ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ. ಪಕ್ಕದಲ್ಲೇ ಸ್ಕ್ರೂಡ್ರೈವರ್, ಸುತ್ತಿಗೆ, ಇಕ್ಕಳ, ಈಳಿಗೆಮಣೆ, ಕತ್ತರಿ, ಮಿಕ್ಸಿ, ಮತ್ತು ಅವನ ಆಫೀಸಿನ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿಗೆ ಹೂವಿನ ಜೊತೆ ಒಂದು ಬಾಳೆಹಣ್ಣೂ ಸಂದಿತ್ತು.

"ಭವಾನೀ! ಇದೆಂತ ಮಾರಾಯ್ತಿ?"

"ಆಯುಧಪೂಜೆ ಕಣ್ರೀ," ಎಂದಳು ಹೆಂಡತಿ, ಊದುಬತ್ತಿ ಬೆಳಗುತ್ತಲೇ. "ಇವತ್ತು ನವಮಿ ಅಲ್ವಾ? ನಾಳೆ ಮರುಪೂಜೆ ಆಗೋವರೆಗೂ ಯಾವುದನ್ನೂ ಮುಟ್ಟೋ ಹಾಗಿಲ್ಲ."

ಚಂದ್ರಹಾಸನ ಕೈಯಿಂದ ಪೆಟ್ರೋಲ್ ಡಬ್ಬ ಜಾರದೇ ಇದ್ದದ್ದೇ ಪುಣ್ಯ.

ನವಮಿ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಎಂಟು ತಿಂಗಳಿಂದ ಅದೇ ಜಪ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಶಾಯಿಯಲ್ಲಿ ಮೂರು ಸುತ್ತು ಹಾಕಿದ್ದ. ಆದರೆ ಮಾದಾಪುರದ ಗಾಜಿನ ಕಟ್ಟಡದಲ್ಲಿ ಕೂತು ಸಾಫ್ಟ್‌ವೇರ್ ಬರೆಯುವ ಮನುಷ್ಯನಿಗೆ ನವಮಿ ಎಂದರೆ ಡೆಡ್‌ಲೈನು. ಅದು ಹಬ್ಬವೂ ಹೌದೆಂಬುದು ತಲೆಗೇ ಹೊಳೆದಿರಲಿಲ್ಲ. ಓದಿದವರ ಹಣೆಬರಹವೇ ಇಷ್ಟು, ಏನು ಮಾಡೋಣ!

ಈಗ ಆ ಡೆಡ್‌ಲೈನಿನ ಕತೆ ಹೇಳಬೇಕು. ಎರಡು ವರ್ಷದ ಹಿಂದೆ ಗಂಡ ಹೆಂಡತಿ ಈ ಮನೆಗೆ ಬಾಡಿಗೆಗೆ ಬಂದಾಗ ಬೇವಿನ ಮರದ ಕೆಳಗೆ ಒಂದು ಗುಡ್ಡೆ ಇತ್ತು. ಮೇಲೆ ಹರಿದ ತಾಡಪತ್ರಿ, ಒಳಗೆ ಬೆಕ್ಕಿನ ಬಾಣಂತನ. ತಾಡಪತ್ರಿ ಸರಿಸಿದರೆ ಹಳೆಯ ಫಿಯೆಟ್ ಕಾರು. ಬಾಗಿಲು ಮುಟ್ಟಿದರೆ ತುಕ್ಕು ಅಪ್ಪಳದ ಹಾಗೆ ಉದುರುತ್ತಿತ್ತು. ಸೀಟಿನ ಕೆಳಗೆ ಕಾಲಿಟ್ಟರೆ ಪಾದ ನೇರವಾಗಿ ನೆಲ ಮುಟ್ಟುತ್ತಿತ್ತು. ಮನೆಯ ಮಾಲೀಕ ನರಹರಿರಾಯರ ತಂದೆ, ದೊಡ್ಡ ವಕೀಲರು, ಅರವತ್ತನಾಲ್ಕನೇ ಇಸವಿಯಲ್ಲಿ ಕೊಂಡ ಗಾಡಿಯಂತೆ. ಅವರು ಹೋದ ಮೇಲೆ ಮೂವತ್ತು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ರಾಯರು ಕೋರ್ಟಿನಲ್ಲಿ ಮೂವತ್ತು ವರ್ಷ ಪೇಶ್ಕಾರರಾಗಿ, ಸಾವಿರಾರು ಕಟ್ಲೆಗಳ ಕಡತ ಜಡ್ಜಿಗೆ ಒಪ್ಪಿಸಿ ನಿವೃತ್ತರಾದವರು. ಗಾಡಿ ಚಲಿಸದಿದ್ದರೂ ಅದರ ಕಾಗದಪತ್ರ ಮಾತ್ರ ವರ್ಷ ತಪ್ಪದೆ ನವೀಕರಿಸುತ್ತಿದ್ದರು.

ಸಹೋದ್ಯೋಗಿಗಳೆಲ್ಲ ಸಾಲ ಮಾಡಿ ಹೊಳೆಯುವ ಹೊಸ ಕಾರು ತರುತ್ತಿದ್ದ ಕಾಲ ಅದು. ಚಂದ್ರಹಾಸನಿಗೆ ಮಾತ್ರ ಈ ತುಕ್ಕಿನ ಗುಡ್ಡೆಯ ಮೇಲೆ ಮನಸ್ಸು ಕೂತಿತು. ಪುತ್ತೂರಿನ ಪೇಟೆಯಲ್ಲಿ ಚಿಕ್ಕಂದಿನಲ್ಲಿ ಇಂಥದ್ದೇ ಟ್ಯಾಕ್ಸಿಯ ಹಿಂದೆ ಓಡಿದವನು ಅವನು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟ. ರಾಯರು ಗುಜರಿ ಹುಸೇನಪ್ಪನ ಎದುರಿಗೇ ಫೈಸಲಾ ಕೊಟ್ಟರು.

"ನೋಡ್ರಿ ಚಂದ್ರಹಾಸರ, ಕೆಟ್ಟ ಗಾಡಿನ ನೀವು ರಿಪೇರಿ ಮಾಡಿ, ದಸರಾ ನವಮಿ ಸಂಜಿ ಆರರೊಳಗ ಈ ಗೇಟಿನಿಂದ ಹೊರಗ ಓಡಿಸಿದ್ರ ಗಾಡಿ ನಿಮ್ದು. ಒಂದು ಪೈಸಾ ಬ್ಯಾಡ. ಓಡಲಿಲ್ಲಂದ್ರ ಅವತ್ತ ಸಂಜಿನ ಹುಸೇನಪ್ಪ ಒಯ್ತಾನ."

ಅಂದಿನಿಂದ ಎಂಟು ತಿಂಗಳು ಚಂದ್ರಹಾಸ ಮಾಡಿದ ಕೆಲಸ ನೋಡಿದ್ದರೆ ನೀವೂ ಕೈ ಮುಗಿಯುತ್ತಿದ್ದಿರಿ. ಶನಿವಾರ ಭಾನುವಾರ ಪೂರ್ತಿ, ಉಳಿದ ದಿನ ಆಫೀಸಿಗೆ ಮುಂಚೆ ಎರಡು ಗಂಟೆ. ತುಕ್ಕನ್ನು ಅಂಗುಲ ಅಂಗುಲವಾಗಿ ಉಜ್ಜಿ ತೆಗೆದ. ಬಿಚ್ಚಿದ ಒಂದೊಂದು ಬೋಲ್ಟಿಗೂ ಚೀಟಿ ಅಂಟಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ. ಯಾದಗಿರಿ ಕಡೆಯ ವೆಲ್ಡರ್ ಮೌನಪ್ಪ ಹೊಸ ತಗಡಿನ ನೆಲ ಕೂರಿಸಿಕೊಟ್ಟ. ಮೊದಲು "ಇದು ಹೆಣ ಐತ್ರಿ ಸಾಹೇಬ್ರ" ಎಂದು ನಕ್ಕವನು, ನಾಲ್ಕನೇ ತಿಂಗಳಿಂದ ಕರೆಯದಿದ್ದರೂ ಬರತೊಡಗಿದ. ಹಾಲುಬಣ್ಣ ಬಳಿದು ಪಾಲಿಶ್ ಹಿಡಿದ ದಿನ ಬೀದಿಯ ಹೆಂಗಸರು ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಹೋದರು. ಅಷ್ಟು ಚಂದ!

ಉಳಿದದ್ದು ಇಷ್ಟೇ: ಕಾರ್ಬ್ಯುರೇಟರ್ ಕೂರಿಸಬೇಕು, ಪೆಟ್ರೋಲ್ ಪೈಪು ಸೇರಿಸಬೇಕು, ಕಿಡಿ ಹಾರುವ ಪಾಯಿಂಟ್ ಹೊಂದಿಸಬೇಕು. ಕಾರ್ಬ್ಯುರೇಟರಿನ ಪ್ಯಾಕಿಂಗ್ ಊರೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಹಿಂದಿನ ದಿನ ಸಂಜೆ. ಎರಡು ಗಂಟೆಯ ಕೆಲಸ. ರಜೆ ಹಾಕಿ, ಬೆಳಿಗ್ಗೆ ಬೇಗ ಎದ್ದು, ಪೆಟ್ರೋಲ್ ತರಲು ಹೋಗಿದ್ದ.

"ಭವಾನಿ, ಒಂದು ಹದಿಮೂರರ ಸ್ಪ್ಯಾನರ್ ಕೊಡು ಸಾಕು. ದೇವಿಗೆ ತಪ್ಪು ಕಾಣಿಕೆ ಹಾಕುವ."

"ಕಾಣಿಕೆಯಂತೆ! ಮದುವೆಯಾದ ವರ್ಷ ಆಯುಧಪೂಜೆ ದಿನ ಬ್ಲೇಡ್ ಹಿಡಿದು ಗಡ್ಡ ಕೆರೆದ್ರಿ. ಸಂಜೆಗೆ ಫ್ರಿಜ್ ಸುಟ್ಟುಹೋಯ್ತು. ಮರೆತ್ರಾ?"

"ಅದು ವೋಲ್ಟೇಜು ಮಾರಾಯ್ತಿ!"

"ವೋಲ್ಟೇಜ್ ಕೊಡೋಳು ಯಾರು?"

ಆಗಲೇ ಮೌನಪ್ಪ ಬಂದ. ಮೈತುಂಬ ಹೊಸ ಅಂಗಿ, ಹಣೆತುಂಬ ವಿಭೂತಿ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಚಂದ್ರಹಾಸ ಅವನ ಕೈ ಹಿಡಿದ.

"ಮೌನಪ್ಪ, ನಿನ್ನ ಹದಿಮೂರರ ಪಾನಾ ಒಂದು ಕೊಡು ಮಾರಾಯ."

ಮೌನಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬಿಡ್ತು ಅನ್ರಿ ಸಾಹೇಬ್ರ! ವರ್ಷಪೂರ್ತಿ ನಮ್ಮ ಹೊಟ್ಟಿ ತುಂಬಿಸೂ ಕಬ್ಬಣ, ಇದೊಂದು ದಿನ ಮಲಗತೈತಿ. ಅದನ್ನ ಎಬ್ಬಿಸಿ ದುಡಿಸಾಕ ನಾವೇನು ರಾಕ್ಷಸರೇನ್ರಿ? ನಾ ಪೂಜಿ ಮಾಡಿ ಇಟ್ಟು ಬಂದೀನಿ. ಬೇಕಾದ್ರ ನನ್ನ ಪ್ರಾಣ ಕೇಳ್ರಿ."

ಹೊಸದೊಂದು ಕೊಂಡು ತರೋಣವೆಂದರೆ ಹಬ್ಬಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮೆಕ್ಯಾನಿಕ್ಕುಗಳೆಲ್ಲ ಕುಂಬಳಕಾಯಿ ಒಡೆಯುವುದರಲ್ಲಿದ್ದರು. ಪಕ್ಕದ ಮನೆಯವರ ಸ್ಕೂಟರಿನ ಪಾನಾ ಕೇಳೋಣವೆಂದರೆ, "ಯಾರದ್ದಾದ್ರೇನು, ಇವತ್ತು ಈ ಅಂಗಳದಲ್ಲಿ ಆಯುಧ ಎತ್ತಬೇಡಿ" ಎಂದು ಭವಾನಿ ಖಂಡಿತವಾಗಿ ಹೇಳಿದಳು. ಉಳಿದದ್ದು ಒಂದೇ ದಾರಿ. ರಾಯರನ್ನು ಒಂದು ದಿನದ ವಾಯಿದೆ ಕೇಳುವುದು.

ರಾಯರು ಆಗಲೇ ಬಿಳಿ ಪಂಚೆ ಉಟ್ಟು, ಜಗುಲಿಯಲ್ಲಿ ಆರಾಮಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವಿಷಯ ಕೇಳಿ ಮೂಗಿಗೆ ನಸ್ಯ ಏರಿಸಿದರು.

"ತಾರೀಖು ಮುಂದ ಹಾಕೂದು ಕೋರ್ಟಿನಾಗ್ರಿ. ನನ್ನ ಅಂಗಳದಾಗ ಅಲ್ಲ. ಮಾತು ಅಂದ್ರ ಮಾತು. ಹಬ್ಬದ ಖಾಯದೇನೂ ಮುರೀಬ್ಯಾಡ್ರಿ, ನಮ್ಮ ಖರಾರೂ ಮುರೀಬ್ಯಾಡ್ರಿ. ಪಾನಾ ಮುಟ್ಟದ ಏನು ಮಾಡ್ತೀರೋ ಮಾಡ್ರಿ, ನಾ ನೋಡ್ತೀನಿ."

ಗೇಟಿನ ಹೊರಗೆ ಹುಸೇನಪ್ಪ ಟೆಂಪೋ ತಂದು ನಿಲ್ಲಿಸಿದ್ದ. ಹೆಗಲ ಮೇಲೆ ಹಗ್ಗದ ಸಿಂಬಿ. "ಅವಸರ ಇಲ್ರಿ, ನಿಮ್ದು ಆಗಲಿ," ಎಂದು ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

ಚಂದ್ರಹಾಸ ಲುಂಗಿ ಎತ್ತಿ ಕಟ್ಟಿದ. ಆಗಲಿ, ದೇವರು ಕೊಟ್ಟ ಹತ್ತು ಬೆರಳು ಉಂಟಲ್ಲ!

ಮೊದಲು ಪಾಯಿಂಟು. ಅದರ ಸ್ಕ್ರೂ ತಿರುಗಿಸಲು ಒಂದು ರೂಪಾಯಿ ನಾಣ್ಯ ತೆಗೆದ. ತಕ್ಷಣ ಮೌನಪ್ಪ ಕೈ ಅಡ್ಡ ಹಿಡಿದ.

"ರಾಯರ, ನಾಣ್ಯ ಆಯುಧ ಆಗತೈತೇನ್ರಿ?"

ರಾಯರು ಕಣ್ಣು ಮುಚ್ಚಿ ಯೋಚಿಸಿದರು. "ನಾಣ್ಯ ಅಂದ್ರ ಲಕ್ಷ್ಮಿ. ಲಕ್ಷ್ಮಿನ ಮುಟ್ಟಬ್ಯಾಡ ಅಂತ ಯಾವ ಶಾಸ್ತ್ರದಾಗೂ ಇಲ್ಲ. ಮಂಜೂರ್."

ಪಾಯಿಂಟಿನ ನಡುವಿನ ಸಂದು ಅಳೆಯುವ ತೆಳು ತಗಡಿನ ಗೇಜೂ ಪೂಜೆಯಲ್ಲಿತ್ತು. ಚಂದ್ರಹಾಸ ತುಸು ಹೊತ್ತು ತಲೆ ಕೆರೆದುಕೊಂಡು, ಕಿಸೆಯಿಂದ ಕಂಪನಿಯ ವಿಸಿಟಿಂಗ್ ಕಾರ್ಡ್ ತೆಗೆದು ಸಂದಿಗೆ ತೂರಿಸಿದ. ಸರಿಯಾಗಿ ಅದೇ ದಪ್ಪ. ಮೂರು ವರ್ಷದಲ್ಲಿ ಆ ಕಾರ್ಡು ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮೌನಪ್ಪ ಬಾಯಿ ತೆರೆದು ನೋಡಿದ. "ಎಲಾ ಇವನ! ತಲೀನ ತಲೀರಿ ನಿಮ್ದು!"

ಪೆಟ್ರೋಲ್ ಪೈಪಿಗೆ ಕ್ಲಿಪ್ ಬಿಗಿಯಲು ಸ್ಕ್ರೂಡ್ರೈವರ್ ಬೇಕಿತ್ತು. ಅದರ ಬದಲು ಭವಾನಿ ಕೊಟ್ಟ ಅರಿಶಿನದ ದಾರವನ್ನು ಹನ್ನೊಂದು ಸುತ್ತು ಸುತ್ತಿ ಗಂಟು ಹಾಕಿದ. ಒಂದು ತೊಟ್ಟು ಸೋರಲಿಲ್ಲ. ಬಾಗಿದ ಕೊಂಡಿಯೊಂದನ್ನು ನೇರ ಮಾಡಲು ಲಟ್ಟಣಿಗೆ ಕೇಳಿದ. ಲಟ್ಟಣಿಗೆ ಆಯುಧವೇ, ಅಲ್ಲವೇ ಎಂಬ ಬಗ್ಗೆ ಹತ್ತು ನಿಮಿಷ ವಾದವಾಯಿತು. ಮರದ್ದಾದ್ದರಿಂದ ಅಲ್ಲ ಎಂದು ರಾಯರು. ಗಂಡಸರ ಪಾಲಿಗೆ ಅದೇ ದೊಡ್ಡ ಆಯುಧ ಎಂದು ಗೇಟಿನಾಚೆಯಿಂದ ಹುಸೇನಪ್ಪ. ಕೊನೆಗೆ ಭವಾನಿಯೇ ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸಿ ತಂದುಕೊಟ್ಟಳು. ಅವಳಿಗೂ ಆ ಕಾರು ಗಂಡನ ಕೈತಪ್ಪಿ ಹೋಗುವುದು ಬೇಕಿರಲಿಲ್ಲ. ಅದರ ಸೀಟುಗಳಿಗೆ ಬಟ್ಟೆ ಹೊಲಿದವಳೇ ಅವಳು.

"ತಾಯಿ ಚಾಮುಂಡೀ, ಇವರು ಒಂದು ಆಯುಧವನ್ನೂ ಮುಟ್ಟದೆ ಕಾರು ಓಡೋ ಹಾಗೆ ಮಾಡು. ಬೆಟ್ಟಕ್ಕೆ ಬಂದು ಸಾವಿರ ಮೆಟ್ಟಿಲು ಹತ್ತುತೀನಿ," ಎಂದು ಎಲ್ಲರಿಗೂ ಕೇಳುವಂತೆ ಹರಕೆ ಹೊತ್ತಳು.

ಕಡೆಯದು ಕಾರ್ಬ್ಯುರೇಟರು. ಅದನ್ನು ಎಂಜಿನ್ನಿಗೆ ಹಿಡಿಯುವ ನಟ್ಟು ಎರಡೇ ಎರಡು. ಚಂದ್ರಹಾಸ ಬೆರಳಲ್ಲೇ ತಿರುಗಿಸಿ ಬಿಗಿದ. ಬಟ್ಟೆ ಸುತ್ತಿ ಮತ್ತೆ ಬಿಗಿದ. ತೆಂಗಿನಕಾಯಿಯನ್ನು ಕೈಯಲ್ಲೇ ಒಡೆಯಬಲ್ಲ ಮೌನಪ್ಪ ಹಲ್ಲು ಕಚ್ಚಿ ತಿರುವಿದ. ಅಂಗೈ ಕೆಂಪಾಯಿತು, ನಟ್ಟು ಇನ್ನು ಒಲ್ಲೆ ಎಂದಿತು.

"ಸಾಕು, ನೋಡುವ," ಎಂದು ಚಂದ್ರಹಾಸ ಕೀಲಿ ತಿರುಗಿಸಿದ.

ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯ ಸಲ ಢಮ್ಮೆಂದು ಹಿಂದಿನ ಕೊಳವೆಯಿಂದ ಮೂವತ್ತು ವರ್ಷದ ಮಸಿಯನ್ನು ಒಮ್ಮೆಗೇ ಉಗುಳಿತು. ಮಸಿ ನೇರವಾಗಿ ಜಗುಲಿಗೆ ಹೋಯಿತು. ರಾಯರ ಬಿಳಿ ಪಂಚೆ, ಭವಾನಿಯ ರಂಗೋಲಿ, ಆರಲು ಹಾಕಿದ್ದ ಹನ್ನೆರಡು ಹೋಳಿಗೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು. ಹುಸೇನಪ್ಪ ಎದ್ದು ಹಗ್ಗ ಬಿಚ್ಚತೊಡಗಿದ.

"ಕುಂದರೋ ಮಾರಾಯ!" ಎಂದು ಮೌನಪ್ಪ ಅವನನ್ನು ಗದರಿದ. "ಇನ್ನಾ ಹನ್ನೊಂದು ಗಂಟಿ!"

ಹತ್ತು ಸಲ ಪ್ರಯತ್ನಿಸಿದರೂ ಅದೇ ಪಾಡು. ಹೊತ್ತಿಕೊಳ್ಳುವುದು, ನಡುಗುವುದು, ಆರುವುದು. ಚಂದ್ರಹಾಸ ಕಿವಿಗೊಟ್ಟು ಆಲಿಸಿದ. ಕಾರ್ಬ್ಯುರೇಟರಿನ ಬುಡದಲ್ಲಿ ಸುಯ್ ಎಂದು ಗಾಳಿ ಎಳೆಯುವ ಸದ್ದು. ಅವನಿಗೆ ಖಚಿತವಾಯಿತು. ಬೆರಳಿನ ಬಿಗಿ ಸಾಲದು. ಎರಡು ನಟ್ಟಿಗೂ ಹದಿಮೂರನೇ ನಂಬರಿನ ಸ್ಪ್ಯಾನರಿನಿಂದ ಅರ್ಧರ್ಧ ಸುತ್ತು ಬೇಕು. ಅಷ್ಟೇ. ಎಂಟು ತಿಂಗಳ ಬೆವರು ಅರ್ಧ ಸುತ್ತಿನ ಮುಂದೆ ಬಂದು ನಿಂತುಬಿಟ್ಟಿತ್ತು. ಕಲ್ಲು ತಿಂದು ಅರಗಿಸಿಕೊಂಡವನಿಗೆ ಮೊಸರನ್ನದಲ್ಲಿ ಗಂಟಲು ಕಟ್ಟಿತು ನೋಡಿ.

ಮಧ್ಯಾಹ್ನ ಹಬ್ಬದೂಟ. ಭವಾನಿ ಹೊಸದಾಗಿ ಹೋಳಿಗೆ ಬೇಯಿಸಿ ಎಲ್ಲರಿಗೂ ಎಲೆ ಹಾಕಿದಳು. ಗೇಟಿನಾಚೆಯ ಹುಸೇನಪ್ಪನಿಗೂ ನಾಲ್ಕು ಹೋಳಿಗೆ ಹೋಯಿತು. ಊಟವಾದ ಮೇಲೆ ಮೌನಪ್ಪ ಮರದಡಿ ಟವಲು ಹಾಸಿ ಗೊರಕೆ ಹೊಡೆದ. ರಾಯರು ಆರಾಮಕುರ್ಚಿಯಲ್ಲಿ ಮುಖದ ಮೇಲೆ ಶಲ್ಯ ಎಳೆದುಕೊಂಡರು. ಹುಸೇನಪ್ಪ ಟೆಂಪೋದಲ್ಲಿ ಕಾಲು ಚಾಚಿದ. ಭವಾನಿ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

ಚಂದ್ರಹಾಸ ಮೆಲ್ಲನೆ ದೇವರ ಕೋಣೆಗೆ ಹೋದ.

ಹದಿಮೂರನೆಯದು ಸಾಲಿನ ನಡುವೆ ಇತ್ತು. ಅವನು ಹೇಳಿಕೇಳಿ ಒಳ್ಳೆಯ ಮನುಷ್ಯ. ಹೆಂಡತಿಯ ಮಾತು ಮೀರುವುದು ಅವನಿಗೂ ಕಷ್ಟವೇ. "ಅಮ್ಮಾ, ಅರ್ಧ ಸುತ್ತು ಮಾತ್ರ. ಆಚೀಚೆ ಒಂದು ಕೂದಲೆಳೆ ತಿರುಗಿಸಿದರೆ ಕೇಳು," ಎಂದು ಪಿಸುಗುಟ್ಟಿ, ಹೂವನ್ನು ಎಲೆಯ ಮೇಲೆ ಇಳಿಸಿ, ಸ್ಪ್ಯಾನರನ್ನು ಲುಂಗಿಯ ಮಡಿಲಿಗೆ ಸೇರಿಸಿದ. ಬೆಕ್ಕಿನ ಹೆಜ್ಜೆಯಲ್ಲಿ ಅಂಗಳಕ್ಕೆ ಬಂದ. ಬಾನೆಟ್ಟಿನೊಳಗೆ ಬಗ್ಗಿದ. ಒಂದು ನಟ್ಟು, ಅರ್ಧ ಸುತ್ತು. ಇನ್ನೊಂದು ನಟ್ಟು, ಅರ್ಧ ಸುತ್ತು. ಆಹಾ, ಆ ಬಿಗಿ ಅಂಗೈಗೆ ತಿಳಿದಾಗ ಅವನಿಗೆ ಆದ ಸುಖ ಹೇಳತೀರದು.

ಮರಳಿ ಹೋಗಿ ಸ್ಪ್ಯಾನರ್ ಒರೆಸಿದ, ಸಾಲಿನಲ್ಲಿಟ್ಟ, ಬೆರಳಲ್ಲಿ ಕುಂಕುಮ ಹಚ್ಚಿದ, ಸೇವಂತಿಗೆ ಏರಿಸಿದ. ಇನ್ನೇನು ಎದ್ದೇಳಬೇಕು, ಹಿಂದಿನಿಂದ ಧ್ವನಿ.

"ರೀ, ಇಲ್ಲೇನು ಮಾಡ್ತಿದ್ದೀರಿ?"

ಚಂದ್ರಹಾಸ ತಿರುಗಿ ನೋಡಲು ಧೈರ್ಯ ಸಾಲದೆ ಎರಡೂ ಕೈ ಜೋಡಿಸಿದ. "ಬೇಡಿಕೊಳ್ತಾ ಇದ್ದೆ."

ಮದುವೆಯಾಗಿ ಆರು ವರ್ಷವಾಗಿತ್ತು. ಈ ಮನುಷ್ಯ ಯಾರೂ ಹೇಳದೆ ತಾನಾಗಿ ದೇವರ ಮುಂದೆ ಮಂಡಿಯೂರಿದ್ದನ್ನು ಅವಳು ಕಂಡಿದ್ದು ಇದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತಳು. "ನಿಮ್ಮನ್ನ ಏನೇನೋ ಅಂದುಬಿಟ್ಟೆ. ದೇವಿ ಕೈ ಬಿಡಲ್ಲ, ನೋಡ್ತಿರಿ," ಎಂದಳು. ಚಂದ್ರಹಾಸ ನೆಲ ನೋಡುತ್ತಾ ಹೂಂ ಎಂದ.

ಐದು ಗಂಟೆಗೆ ಎಲ್ಲರೂ ಎದ್ದು ಮುಖ ತೊಳೆದು ಅಂಗಳದಲ್ಲಿ ಸೇರಿದರು. ಬೀದಿಯವರೂ ಗೇಟಿನ ಬಳಿ ಗುಂಪಾದರು. ಆಯುಧ ಎತ್ತದೆ ಕಾರು ರಿಪೇರಿ ನಡೆದಿದೆ ಎಂಬ ಸುದ್ದಿ ಅಷ್ಟರಲ್ಲಿ ನಾಲ್ಕು ಬೀದಿ ದಾಟಿತ್ತು. ಭವಾನಿ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ ಆರತಿ ಎತ್ತಿದಳು. ಮೌನಪ್ಪ ನಾಲ್ಕು ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟು ಬೂದುಗುಂಬಳಕಾಯಿ ಒಡೆದ. ರಾಯರು ಗಡಿಯಾರ ನೋಡಿದರು. ಹುಸೇನಪ್ಪ ಹಗ್ಗ ಹಿಡಿದು ನಿಂತ.

ಚಂದ್ರಹಾಸ ಕೀಲಿ ತಿರುಗಿಸಿದ.

ಕೆಮ್ಮಲಿಲ್ಲ, ಸೀನಲಿಲ್ಲ. ಗುರ್ ಎಂದು ಹೊತ್ತಿಕೊಂಡ ಎಂಜಿನ್ ಒಂದೇ ಹದದಲ್ಲಿ ಹಾಡತೊಡಗಿತು. ನಿಂಬೆಹಣ್ಣು ಚಿಟಿಚಿಟಿ ಅಪ್ಪಚ್ಚಿಯಾದವು. ಮೂವತ್ತು ವರ್ಷ ನೆಲಕ್ಕೆ ಅಂಟಿದ್ದ ಗಾಡಿ ಮದುಮಗಳ ಹಾಗೆ ಮೆಲ್ಲಗೆ ಗೇಟು ದಾಟಿತು. ಬೀದಿಯೆಲ್ಲ ಚಪ್ಪಾಳೆ, ಸಿಳ್ಳೆ, "ಭಲೇ! ಶಹಬ್ಬಾಸ್!" ಮೌನಪ್ಪ ಪಕ್ಕದಲ್ಲಿ ಓಡುತ್ತಾ ಅಳುತ್ತಿದ್ದ. ಮೂಲೆಯ ಅಂಗಡಿಯವರೆಗೆ ಹೋಗಿ ತಿರುಗಿಸಿಕೊಂಡು ಬರುವಾಗ ಚಂದ್ರಹಾಸನ ಕಣ್ಣೂ ತುಂಬಿತ್ತು. ಅವನ ಜೀವಮಾನದಲ್ಲಿ ಅಷ್ಟು ಸಂತೋಷ ಬೇರೊಂದಿರಲಿಲ್ಲ. ಹುಸೇನಪ್ಪನೂ ಹಗ್ಗ ಕೆಳಗೆ ಹಾಕಿ, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಇದನ್ನ ಕಡಿದಿದ್ರ ನನಗ ಪಾಪ ತಟ್ತಿತ್ರಿ" ಎಂದ.

ರಾಯರು ಮಾತ್ರ ಕಾರಿನ ಹಿಂದಿನ ಬಾಗಿಲು ತೆರೆದರು. ಸೀಟಿನ ಎಡತುದಿಯಲ್ಲಿ, ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತರು. ಕಿಟಕಿಯ ಹಿಡಿಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತಿರುಗಿಸಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಆದರೆ ಗಂಟಲು ಸರಿಮಾಡಿಕೊಂಡ ರೀತಿ ಪಕ್ಕಾ ಪೇಶ್ಕಾರರದು.

"ಈಗ ಫೈಸಲಾ ಆಗಬೇಕಲ್ರಿ. ಮೌನಪ್ಪ, ಮುಂದ ಬಾ. ಇವತ್ತು ಮುಂಜಾನಿ ಗಾಡಿ ಚಾಲೂ ಇತ್ತೇನು?"

"ಇಲ್ರಿ ರಾಯರ. ಹನ್ನೊಂದಕ್ಕೂ ಇರಲಿಲ್ಲ. ನಿಮ್ಮ ಪಂಚೀನ ಸಾಕ್ಷಿ ಐತ್ರಿ."

"ಮುಂಜಾನಿಂದ ಇಲ್ಲಿತನಕ ಯಾರರ ಪಾನಾ ಮುಟ್ಟಿದ್ದು ನೋಡೀಯೇನು?"

"ಖರೇ ಹೇಳ್ತೀನ್ರಿ, ಒಂದು ಸೂಜಿ ಸೈತ ಮುಟ್ಟಿಲ್ಲ."

"ತಂಗೀ ಭವಾನಿ, ನೀ ಏನಂತೀ?"

"ಯಾರೂ ಮುಟ್ಟಿಲ್ಲ ರಾಯರೇ, ನಾನೇ ಗ್ಯಾರಂಟಿ," ಎಂದಳು ಭವಾನಿ, ಎದೆಯುಬ್ಬಿಸಿ. "ನಾನು ಹರಕೆ ಹೊತ್ತೆ. ಇವರೂ ದೇವರ ಮುಂದೆ ಕೂತು ಬೇಡಿಕೊಂಡ್ರು. ನಾನೇ ಕಣ್ಣಾರೆ ಕಂಡೆ."

"ಅಂದಮ್ಯಾಗ, ಪಾನಾ ಮುಟ್ಟದ ಗಾಡಿ ರಿಪೇರಿ ಮಾಡಿದವರು ಯಾರು?"

"ಇನ್ಯಾರು? ದೇವಿ!"

"ದೇವೀನ!" ಎಂದಿತು ಗೇಟಿನ ಗುಂಪು. ಹಿಂದಿನ ಸಾಲಿನಲ್ಲಿ ಯಾರೋ ಜೈಕಾರ ಹಾಕಿದರು.

ರಾಯರು ಚಂದ್ರಹಾಸನ ಕಡೆ ತಿರುಗಿ ಕೈ ಮುಗಿದರು. "ಚಂದ್ರಹಾಸರ, ನಿಮ್ಮ ಮ್ಯಾಲ ನನಗ ಭಾಳ ಗೌರವ ಐತಿ. ಆದ್ರ ನಮ್ಮ ಖರಾರು ಏನಿತ್ತು? ನೀವು ರಿಪೇರಿ ಮಾಡಿ ಓಡಿಸಿದ್ರ ಗಾಡಿ ನಿಮ್ದು. ಇಷ್ಟು ಜನ ಸಾಕ್ಷಿ ಹೇಳಾಕತ್ತಾರ, ರಿಪೇರಿ ಮಾಡಿದ್ದು ದೇವಿ. ದೇವಿ ಯಾರ ಅಂಗಳಕ್ಕ ಬಂದು, ಯಾರ ಅಪ್ಪನ ಗಾಡಿ ಎಬ್ಬಿಸಿದಳು? ನಮ್ಮಪ್ಪನ್ದು. ದೇವಿ ಪ್ರಸಾದ ಮಂದಿಗೆ ಕೊಡಾಕ ಬರೂದಿಲ್ರಿ. ಗಾಡಿ ಗುಜರಿಗೂ ಹೋಗೂದಿಲ್ಲ, ಈ ಮನಿ ಬಿಟ್ಟೂ ಹೋಗೂದಿಲ್ಲ. ಹುಸೇನಪ್ಪ, ನೀ ಇನ್ನ ಮನಿಗೆ ಹೋಗು."

ಚಂದ್ರಹಾಸನ ರಕ್ತ ಕುದಿಯಿತು. ಎಂಟು ತಿಂಗಳು! ಎಷ್ಟು ಭಾನುವಾರ, ಎಷ್ಟು ತುಕ್ಕು, ಎಷ್ಟು ಬೋಲ್ಟು! ಒಂದೇ ಒಂದು ಮಾತು ಸಾಕಿತ್ತು. 'ನಾನು ಹದಿಮೂರನೇ ನಂಬರ್ ಮುಟ್ಟಿದ್ದೇನೆ' ಎಂದರೆ ಕಟ್ಲೆ ಅಲ್ಲೇ ಅವನ ಕಡೆಗೆ. ಬಾಯಿ ತೆರೆದ.

ಅಷ್ಟರಲ್ಲಿ ಭವಾನಿ ಮೊಬೈಲಿನಲ್ಲಿ ಮೈಸೂರಿಗೆ ಮಾತಾಡುವುದು ಕಿವಿಗೆ ಬಿತ್ತು. "ಅಮ್ಮಾ, ಒಂದೇ ಒಂದು ಆಯುಧ ಮುಟ್ಟಲಿಲ್ಲಮ್ಮ ಇವರು! ದೇವರ ಮುಂದೆ ಕೂತು ಅತ್ತರು! ಹೂಂ ಅಮ್ಮ, ಇವರೇ! ಹೌದು, ನಮ್ಮನೆಯವರೇ!" ಅವಳ ಮುಖ ಹಬ್ಬದ ದೀಪದ ಹಾಗೆ ಬೆಳಗುತ್ತಿತ್ತು.

ಚಂದ್ರಹಾಸ ಬಾಯಿ ಮುಚ್ಚಿದ.

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು ರಾಯರು. "ಕೀಲಿ ಮಾತ್ರ ನಿಮ್ಮ ಕೈಯಾಗ. ಬ್ಯಾರೆ ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ಪ್ರತಿ ಆಯ್ತವಾರ ನೀವು ನಡಸೂದು, ನಾ ಹಿಂದ ಕುಂದ್ರೂದು. ಈಗ ಟ್ಯಾಂಕ್‌ಬಂಡ್ ಕೆರಿ ಮಟ ಒಂದು ರೌಂಡ್ ಹೋಗಿ ಬರೋಣ, ನಡೀರಿ."

ಇಷ್ಟು ಚಂದದ ಕಾರು ಕಡೇಪಕ್ಷ ಉಳಿಯಿತಲ್ಲ ಎಂದು ಮನಸ್ಸನ್ನು ಸಮಾಧಾನಪಡಿಸುತ್ತಾ ಚಂದ್ರಹಾಸ ಕಾರು ಹೊರಡಿಸಿದ. ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು. ಸಿಗ್ನಲ್ಲಿನಲ್ಲಿ ಹೊಸ ಕಾರಿನವರು ಗಾಜು ಇಳಿಸಿ ಹೆಬ್ಬೆರಳು ಎತ್ತಿದರು. ರಾಯರು ಹಿಂದಿನಿಂದ ಎಲ್ಲರಿಗೂ ಕೈ ಬೀಸಿದರು. ಹುಸೇನ್‌ಸಾಗರದ ನೀರು ಕಂಡ ಮೇಲೆ ಮುಂದಿನ ಸೀಟಿನ ಕಡೆ ಬಗ್ಗಿದರು.

"ಚಂದ್ರಹಾಸರ."

"ಏನು ರಾಯರೇ?"

"ಮಧ್ಯಾಹ್ನ ನಾ ನಿದ್ದಿ ಮಾಡಿದ್ದಿಲ್ರಿ. ಶಲ್ಯ ಭಾಳ ತೆಳ್ಳಗೈತಿ. ಎರಡು ನಟ್ಟು, ಅರ್ಧರ್ಧ ಸುತ್ತು. ಏನು ಕೈರಿ ನಿಮ್ದು, ಜಬರ್‌ದಸ್ತ್!"

ಚಂದ್ರಹಾಸನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು.

"ನೀವು ಎತ್ತಲಿಲ್ಲಂದ್ರ ಏನು ಗತಿ ಅಂತ ನನ್ನ ಜೀವ ಹೊಡಕೋತಿತ್ತು ನೋಡ್ರಿ," ಎಂದು ರಾಯರು ಹಿಂದಕ್ಕೆ ಒರಗಿದರು. "ಈಗರ ಹೇಳ್ರಿ. ಮನಿಗೆ ಹೋಗೋಣ, ತಂಗಿ ಭವಾನಿ ಮುಂದ ನಡೆದದ್ದು ನಡೆದಂಗ ಹೇಳ್ರಿ. ಆ ಕ್ಷಣದಾಗ ಗಾಡಿ ನಿಮ್ಮ ಹೆಸರಿಗೆ ಬರದು ಕೊಡ್ತೀನಿ. ಮಾತು ಅಂದ್ರ ಮಾತು. ಹೋಗೋಣೇನು?"

ಚಂದ್ರಹಾಸ ಕನ್ನಡಿಯಲ್ಲಿ ರಾಯರ ಮುಖ ನೋಡಿದ. ಮೈಸೂರಿನ ಅತ್ತೆಯನ್ನು ನೆನೆದ. ಸಾವಿರ ಮೆಟ್ಟಿಲು ಹತ್ತಲು ಹೊರಟವಳನ್ನು ನೆನೆದ. ಗೇರು ಬದಲಿಸಿ, "ಇನ್ನೊಂದು ರೌಂಡ್ ಹೋಗುವನಾ ರಾಯರೇ?" ಎಂದ.

"ಹೋಗೋಣಂತ," ಎಂದು ರಾಯರು ಕಿಟಕಿಯ ಗಾಜು ಇಳಿಸಿದರು.